ಗಾಳಿಯಾಡದ ರೂಮು

ಮಾಗಡಿ, ಮಂಗಳವಾರ

ರೈಫಲ್ ಕ್ಲಬ್ಬಿನ ಕಾಯಂ ಎರಡನೇ ಬಹುಮಾನದವರಾದ ನಾಗರಾಜು ಅವರಿಗೆ, ಮನೆಯಾಕೆಯ ನಮಸ್ಕಾರ.

ಫೋನಿನಲ್ಲಾದರೆ “ಊಟ ಆಯ್ತಾ” ಎಂದು ಕೇಳಿ ಇಬ್ಬರೂ ಇಟ್ಟುಬಿಡುತ್ತೇವೆ. ಅದಕ್ಕೇ ಇಲ್ಲಿ ಪಾಠ ಮುಗಿಸಿ, ಕಾಲೇಜಿನ ಹಾಳೆಯಲ್ಲಿ ಬರೆಯುತ್ತಿದ್ದೇನೆ.

ಖಾಲಿ ತೋಟಾಗಳಿಗೆ ಮನೆಯಲ್ಲೇ ಮದ್ದುಗುಂಡು ತುಂಬಿಕೊಳ್ಳಲು ಪರವಾನಗಿ ಬಂತಂತೆ, ಸಂತೋಷ. ಮಾವನವರ ತೋಟ ನೋಡಿಕೊಳ್ಳದವರು ತೋಟಾ ನೋಡಿಕೊಳ್ಳಲು ಹೊರಟಿದ್ದೀರಿ. ಮದ್ದು ತೂಗಲು ಮುಳ್ಳಿನ ತಕ್ಕಡಿಯನ್ನೇ ಕೊಳ್ಳಿ. ಕರೆಂಟಿನದು ಬೇಡ, ನಮ್ಮ ಕನಕಪುರದ ಮನೆಯ ಕರೆಂಟಿಗೂ ನಿಮ್ಮ ಹಾಗೇ ಮನಸ್ಸು ಬಂದಾಗ ಬರುವ ಅಭ್ಯಾಸ.

ತೋಟಾದೊಳಗೆ ಗುಂಡು ಒತ್ತಿ ಕೂರಿಸುವ ಯಂತ್ರದ ವಿಷಯ ಮಾತ್ರ ಕಷ್ಟ. ಅದನ್ನು ಭಾರದ ಮೇಜಿಗೆ ಬೋಲ್ಟ್ ಹಾಕಿ ಬಿಗಿಯಬೇಕು ಎಂದಿರಿ. ಮನೆಯಲ್ಲಿ ಅಂಥ ಮೇಜು ನಮ್ಮ ಲಿಖಿತಾಳದು ಒಂದೇ. ಹೋದ ಭಾನುವಾರ ತಟ್ಟೆ ನೋಡುತ್ತಾ, “ಅವಳ ರೂಮಲ್ಲಿ ಗಾಳಿ ಆಡಲ್ಲ, ತಕ್ಕಡಿ ಅಲ್ಲಾಡಲ್ಲ ಕಣೆ” ಅಂದಿರಿ. ಮಗಳು ತೀರಿಕೊಂಡ ಮೇಲೆ ಹನ್ನೊಂದು ತಿಂಗಳು ಆ ಕಿಟಕಿಯನ್ನು ಇಬ್ಬರೂ ತೆಗೆದಿಲ್ಲ, ಗಾಳಿ ಎಲ್ಲಿಂದ ಆಡಬೇಕು? ಆಗ ನಾನು, “ಇನ್ನೊಸಿ ಸಾರು ಹಾಕ್ಲಾ” ಅಂದೆ.

ಅಲ್ಲೇ ಕೂತುಕೊಳ್ಳಿ. ಆ ಕುರ್ಚಿಯಲ್ಲಿ ಯಾರಾದರೂ ಕೂರಲಿ. ಆದರೆ ಮೇಜಿಗೆ ತೂತು ಕೊರೆಯಬೇಡಿ. ಕ್ಲ್ಯಾಂಪ್ ಹಾಕಿ ಬಿಗಿಯುವ ಯಂತ್ರವೂ ಸಿಗುತ್ತದಂತೆ, ಅದನ್ನೇ ತರಿಸಿ.

ಶನಿವಾರ ಬರುತ್ತೇನೆ. ಮೇಜಿನ ಮೇಲಿರುವ ಅವಳ ಏಳನೇ ಕ್ಲಾಸಿನ ಪುಸ್ತಕಗಳನ್ನು ನಾನೇ ಎತ್ತಿಡುತ್ತೇನೆ. ನೀವು ಅಂಗಡಿಯಿಂದ ಗಟ್ಟಿ ರಟ್ಟಿನ ಪೆಟ್ಟಿಗೆ ಎರಡು ತಂದಿಡಿ.

ಇಂತಿ,
ಪ್ರತಿಮಾ