ತುಂತುರೋ, ತೂಗಾಟವೋ?

ಗಜೇಂದ್ರಗಡ
೧೩ ಏಪ್ರಿಲ್ ೨೦೨೫

ಜಕ್ಕಲಿಯ ಅತ್ತೆಯವರಿಗೆ ನಿಮ್ಮ ಶಾಂಭವಿಯ ಶರಣು.

ಕಾಗದ ಬರೆಯಲು ತಡವಾಯಿತು, ಸಿಟ್ಟಾಗಬೇಡಿ. ಲಗ್ನದ ಹಂಗಾಮು ಶುರುವಾಗಿದೆ. ಊರಿನ ಹೆಣ್ಣುಮಕ್ಕಳೆಲ್ಲ ಒಂದೇ ವಾರದಲ್ಲಿ ಜಂಪರು ಹೊಲಿಸಬೇಕೆಂದು ನನ್ನ ಅಂಗಡಿಯ ಕಟ್ಟೆಯ ಮೇಲೆ ಬಂದು ಕೂತಿದ್ದಾರೆ. ನನ್ನ ಜೊತೆ ಹೊಲಿಯುವ ತಬಸ್ಸುಮ ಮಶೀನಿನ ಮುಂದೆಯೇ ಊಟ ಮಾಡುತ್ತಿದ್ದಾಳೆ. ಫೋನು ಮಾಡೋಣವೆಂದರೆ ನಿಮಗೆ ಅದರಲ್ಲಿ ಅರ್ಧ ಕೇಳುವುದಿಲ್ಲ. ಹೋದ ಸಲ ನಾನು "ನೀಲಾಗ ಜ್ವರ ಬಿಟ್ಟಾವ್ರಿ" ಎಂದರೆ ನೀವು "ಯಾರು ಊರ ಬಿಟ್ಟಾರ?" ಎಂದು ಗಾಬರಿಯಾಗಿದ್ದಿರಿ. ಕಾಗದವೇ ವಾಸಿ.

ನಿಮ್ಮ ಮೊಮ್ಮಗಳು ನೀಲಾ ನಾಲ್ಕನೇ ಇಯತ್ತೆ ಪಾಸಾದಳು. ಎತ್ತರದಲ್ಲಿ ನನ್ನ ಭುಜಕ್ಕೆ ಬಂದಿದ್ದಾಳೆ. ಮೂಗು ಮಾತ್ರ ನಿಮ್ಮದೇ. ತೋಟಪ್ಪನವರ ಮಗ ಗುರುಸಿದ್ದನೂ ಚೆನ್ನಾಗಿದ್ದಾನೆ. ಹುಟ್ಟುತ್ತಲೇ ತಾಯಿಯನ್ನು ಕಳೆದುಕೊಂಡ ಹುಡುಗ, ನಾನು ಮದುವೆಯಾಗಿ ಈ ಮನೆಗೆ ಬಂದ ಮೊದಲ ದಿನವೇ "ಅವ್ವಾ, ನನ್ನ ಚಡ್ಡಿ ಎಲ್ಲೈತಿ?" ಎಂದು ಕೇಳಿದ್ದನ್ನು ಹೇಳಿದ್ದೆನಲ್ಲ. ಈಗಲೂ ದಿನಾ ಅದನ್ನೇ ಕೇಳುತ್ತಾನೆ.

ತೋಟಪ್ಪನವರು ಆರಾಮಿದ್ದಾರೆ. ನಿಮಗೆ ಬರೆಯುವಾಗ 'ಇವರು' ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ನಿಮ್ಮ ಮನೆಯಲ್ಲಿ ನಾನು 'ಇವರು' ಎನ್ನುತ್ತಿದ್ದದ್ದು ನಿಮ್ಮ ಮಗನಿಗೆ. ಅದಕ್ಕೇ ಹೆಸರು ಹಿಡಿದು ಬರೆಯುತ್ತೇನೆ, ತಪ್ಪು ತಿಳಿಯಬೇಡಿ. ಬಸವಪ್ರಸಾದರು ತೀರಿಕೊಂಡ ಮೇಲೆ ನನ್ನ ಎರಡನೇ ಮದುವೆಗೆ ನನ್ನ ತವರಿನವರೇ ಹಿಂದೆಮುಂದೆ ನೋಡುತ್ತಿದ್ದಾಗ, "ಮಗ ಅಂತೂ ಹ್ವಾದ. ಸೊಸಿ ಒಬ್ಬಾಕಿನ ಕುಂತು ಮುದುಕಿ ಆಗೂದನ್ನ ನಾ ನೋಡಂಗಿಲ್ಲ" ಎಂದು ಮುಂದೆ ನಿಂತು ಮಾಡಿಸಿದವರು ನೀವು. ನಿಮ್ಮೆದುರು ಮುಚ್ಚಿಡುವಂಥದ್ದು ನನ್ನಲ್ಲಿ ಏನೂ ಇಲ್ಲ.

ಈಗ ದೊಡ್ಡ ಸುದ್ದಿ. ಈ ಸೂಟಿಯಲ್ಲಿ ನಾವು ನಾಲ್ವರೂ ಮೊದಲ ಬಾರಿಗೆ ಒಟ್ಟಿಗೆ ಪ್ರವಾಸ ಹೊರಟಿದ್ದೇವೆ. ಎಲ್ಲಿಗೆ ಎಂಬುದರ ಮೇಲೆ ಮನೆಯಲ್ಲಿ ದೊಡ್ಡ ಜಗಳವೇ ನಡೆದಿದೆ. ಒಬ್ಬನೇ ಮಾಲೀಕ ಎರಡು ಪಾರ್ಕು ಕಟ್ಟಿಸಿದ್ದಾನೆ. ಹುಬ್ಬಳ್ಳಿ ಕಡೆಯದರ ಹೆಸರು ತುಂತುರು, ಅಲ್ಲಿ ಬರೀ ನೀರಿನ ಆಟ. ಕೊಪ್ಪಳ ಕಡೆಯದು ತೂಗಾಟ, ಅಲ್ಲಿ ಎಲ್ಲವೂ ಆಕಾಶದಲ್ಲಿ ತಿರುಗುವಂಥದ್ದು. ಎರಡರಲ್ಲೂ ಉಳಿಯಲು ಕೋಣೆಗಳಿವೆ. ಜನ ಅಕ್ಕತಂಗಿ ಪಾರ್ಕು ಎನ್ನುತ್ತಾರೆ. ನೀಲಾಗೆ ಅಕ್ಕ ತುಂತುರು ಬೇಕು, ಗುರುವಿಗೆ ತಂಗಿ ತೂಗಾಟ ಬೇಕು. ಜಾಹೀರಾತಿನ ಕಾಗದ ನೋಡಿ ತೀರ್ಮಾನಿಸೋಣವೆಂದರೆ ಎರಡರ ಮೇಲೂ ಅದೇ ನಗುವ ಸಂಸಾರ, ಅದೇ ಸಿಮೆಂಟಿನ ನವಿಲು!

ಬೀಜದ ವ್ಯಾಪಾರಿಯಾದ ತೋಟಪ್ಪನವರಿಗೆ ಚೀಟಿಯ ಮೇಲಿನ ಚಿತ್ರದಲ್ಲಿ ನಂಬಿಕೆ ಇಲ್ಲ. "ಚೀಟಿ ಮ್ಯಾಲೆ ಎಲ್ಲಾ ಬದನಿಕಾಯಿನೂ ಮಿರಿಮಿರಿ ಮಿಂಚ್ತಾವ. ಹೋಗಿ ಬಂದವ್ರನ್ನ ಕೇಳಬೇಕು" ಎಂದರು. ಹಾಗಾಗಿ ನಾನು ಕೇಳುತ್ತಾ ಹೋದೆ. ತಬಸ್ಸುಮಳ ಅತ್ತಿಗೆ ತುಂತುರಿಗೆ ಹೋಗಿ ಬಂದಿದ್ದಾಳೆ. ಅಲ್ಲಿ ನೀರಿಗೆ ಇಳಿಯಲು ಅವರೇ ಕೊಡುವ ನೈಲಾನ್ ಅಂಗಿ ಹಾಕಿಕೊಳ್ಳಬೇಕಂತೆ, ಮೈತುಂಬ ಗಿಳಿಯ ಚಿತ್ರವಂತೆ. ಮ್ಯಾಕ್ಸಿಕ್ಯಾಬ್ ಓಡಿಸುವ ಅಕ್ರಮ್ ಎರಡೂ ಕಡೆ ಮಂದಿಯನ್ನು ಒಯ್ದಿದ್ದಾನೆ. "ಅಕ್ಕನ ಮನ್ಯಾಗ ನೆರಳೈತ್ರಿ, ಊಟ ಬಾಯಿಗಿಡಾಕ ಬರಂಗಿಲ್ಲ. ತಂಗಿ ಮನ್ಯಾಗ ಊಟ ಭಾಳ ಚಲೋ, ನೆತ್ತಿ ಮ್ಯಾಲೆ ಮಾತ್ರ ಸುಡುಸುಡು ಬಿಸಲು" ಎಂದು ಅವನ ತೀರ್ಪು.

ಕೊನೆಗೆ ತುಂತುರಿಗೇ ಫೋನು ಹಚ್ಚಿದೆ. ಒಬ್ಬ ಹೆಣ್ಣುಮಗಳು ಎತ್ತಿ ಬಹಳ ಹೊಗಳಿದಳು. ಆಮೇಲೆ ತೂಗಾಟಕ್ಕೆ ಹಚ್ಚಿದರೆ ಅದೇ ದನಿ! "ನೀವು ಆಗಳೆ ಮಾತಾಡಿದವ್ರಲ್ರಿ?" ಎಂದೆ. "ಹೌದ್ರಿ ಮೇಡಮ್, ಎರಡೂ ಫೋನು ನನ್ನ ಟೇಬಲ್ ಮ್ಯಾಲೇ ಅದಾವ" ಎಂದು ನಕ್ಕಳು. "ಖರೇ ಹೇಳವ್ವಾ, ನಿನ್ನ ಮಕ್ಕಳನ್ನ ಎಲ್ಲಿಗೆ ಕರಕೊಂಡ ಹೋಗ್ತಿ?" ಎಂದು ಕೇಳಿದೆ. ದನಿ ತಗ್ಗಿಸಿ, "ನಮ್ಮ ಹುಡುಗರು ಗೋವಾಕ್ಕ ಹೋಗೂಣು ಅಂತಾರ್ರಿ" ಎಂದಳು. ನನಗೆ ನಗು ತಡೆಯಲಾಗಲಿಲ್ಲ. ಪುಣ್ಯಾತ್ಗಿತ್ತಿ ಒಂದು ಉಪಕಾರ ಮಾಡಿದಳು. ಒಂದರಲ್ಲಿ ಉಳಿದವರಿಗೆ ಮರುದಿನ ಇನ್ನೊಂದನ್ನು ತೋರಿಸಲು ಅವರದೇ ಬಸ್ಸಿದೆಯಂತೆ. ಹಾಗಾಗಿ ತುಂತುರಿನಲ್ಲಿ ಉಳಿಯುವುದು, ಮರುದಿನ ತೂಗಾಟ ನೋಡುವುದು ಎಂದಾಯಿತು. ಇಬ್ಬರೂ ಮಕ್ಕಳು ತಾವೇ ಗೆದ್ದೆವೆಂದು ಕುಣಿಯುತ್ತಿದ್ದಾರೆ.

ನೀವೂ ಬನ್ನಿ ಅತ್ತೆ. ಅಕ್ರಮ್ ಜಕ್ಕಲಿಗೇ ಬಂದು ಕರೆದುಕೊಂಡು ಬರುತ್ತಾನೆ. ನೀರಿಗಿಳಿಯದಿದ್ದರೆ ಬೇಡ, ದಂಡೆಯಲ್ಲಿ ಕೂತು ನಮ್ಮನ್ನು ಬೈಯುತ್ತಿದ್ದರೂ ಸಾಕು.

ನಿಮ್ಮ ಆಶೀರ್ವಾದದ ನೆರಳಲ್ಲಿರುವ
ಶಾಂಭವಿ

ತಾ.ಕ.: ಮದುವೆಯಾಗಿ ಒಂದೂವರೆ ವರ್ಷವಾದರೂ ನೀಲಾ ತೋಟಪ್ಪನವರನ್ನು ಏನೆಂದೂ ಕರೆಯುವುದಿಲ್ಲ. ನನ್ನ ಹತ್ತಿರ ಹೇಳುವಾಗ "ಗುರೂನ ಅಪ್ಪಾರು". ಎದುರಿಗೆ ಹೋದರೆ ಅಂಗಿಯ ತೋಳು ಹಿಡಿದು ಎಳೆಯುತ್ತಾಳೆ, ಅಷ್ಟೇ. ಒಮ್ಮೆ ನಾನು ಗದರಿಸಲು ಹೋದಾಗ ಅವರೇ ತಡೆದು, "ಬಿಡು, ಆಕಿ ಕಡೆ ಒಬ್ಬಪ್ಪ ಅದಾನ. ಜಬರದಸ್ತಿ ಮಾಡಬ್ಯಾಡ" ಎಂದರು. ಆದರೆ ಗುರು 'ಅಪ್ಪಾ' ಎಂದು ಓಡಿ ಬರುವಾಗಲೆಲ್ಲ ಅವರು ಒಮ್ಮೆ ನೀಲಾಳ ಕಡೆ ನೋಡುವುದನ್ನು ನಾನು ಕಂಡಿದ್ದೇನೆ. ಪರ ಊರಿನಲ್ಲಿ, ನಾಲ್ಕು ಮಂದಿಯ ನಡುವೆ ಇದು ಹೇಗಾಗುತ್ತದೋ ಎಂಬ ಚಿಂತೆ ನನಗೆ.


ಗಜೇಂದ್ರಗಡ
೧೧ ಮೇ ೨೦೨೫

ಅತ್ತೆಯವರಿಗೆ ಶಾಂಭವಿಯ ಶರಣು.

ಬಂದು ನಾಲ್ಕಾರು ದಿನವಾದರೂ ಬರೆಯಲಿಲ್ಲ. ಒದ್ದೆ ಬಟ್ಟೆ ಒಗೆದು ಒಣಗಿಸುವುದೇ ಆಯಿತು. ಜೊತೆಗೆ ಈ ಕಾಗದವನ್ನು ಎರಡು ಸಲ ಶುರುಮಾಡಿ ನಿಲ್ಲಿಸಿದೆ. ಮೊಣಕಾಲು ನೋವೆಂದು ನೀವು ಬರಲಿಲ್ಲ. ರೋಣದ ದವಾಖಾನೆಗೆ ತೋರಿಸಿದಿರೋ ಇಲ್ಲವೋ? ಮರೆಯದೆ ತಿಳಿಸಿ.

ನೀವು ಬಂದಿದ್ದರೆ ನಕ್ಕು ನಕ್ಕು ಮೊಣಕಾಲು ಮರೆಯುತ್ತಿದ್ದಿರಿ. ಗಿಳಿಯ ಅಂಗಿ ಖರೆಯೇ ಅತ್ತೆ! ನನಗೆ ಕೊಟ್ಟದ್ದರಲ್ಲಿ ಒಂದು ಗಿಳಿ ಸರಿಯಾಗಿ ಹೊಟ್ಟೆಯ ಮೇಲೆ ಕೂತಿತ್ತು, ಹೊಲಿಗೆಯೂ ಸೊಟ್ಟ. ತೋಟಪ್ಪನವರು ಮಾತ್ರ ನೀರಿಗಿಳಿಯುವುದಿಲ್ಲವೆಂದು ಹಟ ಹಿಡಿದು, ಇಸ್ತ್ರಿ ಮಾಡಿದ ಪ್ಯಾಂಟು, ಶರ್ಟಿನಲ್ಲಿ ಲಗ್ನಕ್ಕೆ ಬಂದ ಬೀಗರ ಹಾಗೆ ಓಡಾಡುತ್ತಿದ್ದರು. ಹುಲಿಯ ಬಾಯಿಯಿಂದ ಜಾರುವ ಜಾರುಬಂಡಿಯಲ್ಲಿ ಗುರು ಎಷ್ಟು ಸಲ ಜಾರಿದನೋ, ಅವನ ಚಡ್ಡಿಯ ಹಿಂಭಾಗವೇ ಸವೆದುಹೋಯಿತು.

ಪಕ್ಕದ ಕೋಣೆಯಲ್ಲಿ ನರಗುಂದದ ಅರ್ಚನಾ ಎಂಬವರ ಸಂಸಾರ ಇಳಿದಿತ್ತು. ಊಟದ ಕೋಣೆಯಲ್ಲಿ ತೋಟಪ್ಪನವರು ಚಷ್ಮಾ ಮರೆತು ಎದ್ದು ಹೋದಾಗ ಆಕೆ ನೀಲಾಗೆ, "ಏ ತಂಗಿ, ಲಗೂನ ನಿಮ್ಮಪ್ಪನ್ನ ಕೂಗು" ಎಂದರು. ನೀಲಾ ಕೂಗಲಿಲ್ಲ. ಚಷ್ಮಾ ತೆಗೆದುಕೊಂಡು ಓಡಿಹೋಗಿ ಅವರ ತೋಳು ಎಳೆದು ಕೊಟ್ಟು ಬಂದಳು. "ಭಾಳ ಸಣ್ಣ ದನಿ ಏನ್ರಿ ನಿಮ್ಮ ಹುಡುಗಿದು?" ಎಂದು ಆಕೆ ನಕ್ಕರು. ನಾನೂ ನಕ್ಕೆ. ತಟ್ಟೆಯನ್ನು ಅರ್ಧಕ್ಕೇ ಸರಿಸಿದೆ. ಊಟವೂ ಹಾಗೆಯೇ ಇತ್ತೆನ್ನಿ, ಅಕ್ರಮ್ ಹೇಳಿದ್ದು ಸುಳ್ಳಲ್ಲ.

ಸಂಜೆ ಅಲೆಯ ಕೊಳಕ್ಕೆ ಹೋದೆವು. ಎಚ್ಚರಿಸಲು ಒಂದು ಭೋಂಗಾ ಕೂಗುತ್ತದೆ, ಆಮೇಲೆ ಸಮುದ್ರದ ಹಾಗೆ ಅಲೆಗಳು ಏಳುತ್ತವೆ. ನೀಲಾ ಸೊಂಟದ ಮಟ್ಟದ ನೀರಿನಲ್ಲಿ ನಿಂತಿದ್ದಳು. ತೋಟಪ್ಪನವರು ಗುರುವಿನ ಜೊತೆ ದಂಡೆಯಲ್ಲಿ ಮೆಕ್ಕೆತೆನೆ ತಿನ್ನುತ್ತಿದ್ದರು. ನಾನು ಟವೆಲ್ ತರಲು ಹೋಗಿ ಹಿಂದಿರುಗುತ್ತಿದ್ದೆ. ಭೋಂಗಾ ಕೂಗಿತು. ಮೊದಲ ಅಲೆಗೆ ಎಲ್ಲರೂ ಕೇಕೆ ಹಾಕಿದರು. ಎರಡನೆಯದಕ್ಕೆ ನೀಲಾಳ ಕಾಲು ತಪ್ಪಿತು. ತಲೆ ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ಎದ್ದ ಆ ಒಂದು ಗಳಿಗೆಯಲ್ಲಿ ಅವಳು ಎಂಥ ದನಿಯಲ್ಲಿ ಕೂಗಿದಳೆಂದರೆ, ಅಷ್ಟು ಗದ್ದಲದಲ್ಲೂ ನನಗೆ ಕೇಳಿಸಿತು.

"ಅಪ್ಪಾ!"

ತೋಟಪ್ಪನವರು ತಟ್ಟನೆ ಗುರುವಿನ ಕಡೆ ತಿರುಗಿದರು. ಗುರುವಿನ ಬಾಯಿತುಂಬ ಮೆಕ್ಕೆತೆನೆ. ಅವನು "ನಾ ಅಲ್ಲಪಾ" ಎಂದು ತಲೆ ಅಲ್ಲಾಡಿಸಿದ. ಆಗ ಅವರಿಗೆ ತಿಳಿಯಿತು. ಆ ಕ್ಷಣದ ಅವರ ಮುಖವನ್ನು ನನಗೆ ಬರೆಯಲು ಬರುವುದಿಲ್ಲ. ಚಷ್ಮಾ, ಗಡಿಯಾರ, ಬೂಟು, ಕಿಸೆಯಲ್ಲಿ ಫೋನು, ಎಲ್ಲ ಸಮೇತ ಹಾರಿಬಿಟ್ಟರು. ಕೊಳದ ಕಾವಲಿಗೆ ನಿಂತು ಸೀಟಿ ಊದುವವರು ಬಂದು ಮುಟ್ಟುವುದರೊಳಗೆ ಇವಳನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದರು. ನೀಲಾ ಕೆಮ್ಮಿ ಕೆಮ್ಮಿ ನೀರು ಕಕ್ಕಿ, ಕಣ್ಣು ಬಿಟ್ಟು ಹೇಳಿದ ಮೊದಲ ಮಾತು, "ನನ್ನ ರಿಬ್ಬನ್ ಹೋತು."

"ಹೋಗ್ಲಿ ಬಿಡವ್ವಾ. ಇಡೀ ಅಂಗಡೀನ ತಂದ ಕೊಡ್ತೀನಿ" ಎಂದರು. ಮಗುವಿಗೆ ಏನೂ ಆಗಿಲ್ಲ, ಗಾಬರಿಯಾಗಬೇಡಿ. ಅರ್ಧ ಗಂಟೆಯಲ್ಲಿ ಐಸ್‌ಕ್ರೀಮು ಕೇಳಿದಳು. ಅಡುಗೆಯವರಿಂದ ಒಂದು ಡಬ್ಬಿ ಅಕ್ಕಿ ಇಸಿದುಕೊಂಡು ಫೋನನ್ನು ಅದರಲ್ಲಿ ಹೂತಿಟ್ಟೆವು. ಅದು ಬದುಕಲಿಲ್ಲ. ಆ ಕೂಗಿನ ಬಗ್ಗೆ ಯಾರೂ ಮಾತೆತ್ತಲಿಲ್ಲ. ತೋಟಪ್ಪನವರು ಒಬ್ಬರೇ ನಗುವುದು, ಸುಮ್ಮನಾಗುವುದು, ಮತ್ತೆ ನಗುವುದು ಮಾಡುತ್ತಿದ್ದರು. ಹೆದರಿಕೆಯಲ್ಲಿ ಬಂದ ಮಾತು, ಹೆದರಿಕೆ ಇಳಿದ ಮೇಲೆ ಉಳಿಯುತ್ತದೆಯೇ ಎಂಬ ಅನುಮಾನ ನನಗೆ.

ಮರುದಿನ ಪಾರ್ಕಿನವರ ಬಸ್ಸಿನಲ್ಲಿ ತೂಗಾಟಕ್ಕೆ ಹೋದೆವು. ಊಟದಲ್ಲಿ ತಂಗಿಯೇ ಮೇಲು ಅತ್ತೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳಿನ ಚಟ್ನಿ! ಬಿಸಿಲಿಗೆ ಮಾತ್ರ ತಲೆ ಕಾದು ಹಂಚಾಯಿತು. ಅಲ್ಲೊಂದು ದೊಡ್ಡ ತಿರುಗುಚಕ್ರ. ಗುರು ಕೂತಲ್ಲಿ ಕೂರುತ್ತಿರಲಿಲ್ಲ. ಒಂದು ತೊಟ್ಟಿಲಲ್ಲಿ ನಾಲ್ವರೂ ಹತ್ತಿದೆವು. ಮೇಲೇರುತ್ತಿದ್ದಂತೆ ತೋಟಪ್ಪನವರ ಮುಖ ಬಿಳಿಚಿತು, ಕಂಬಿಯನ್ನು ಅಪ್ಪಿ ಹಿಡಿದರು. ನಮ್ಮ ಗಜೇಂದ್ರಗಡದ ಕೋಟೆಯನ್ನೇ ಅವರು ಹತ್ತುವವರಲ್ಲ, ಕೆಲಸವಿದೆ ಎಂದು ತಪ್ಪಿಸಿಕೊಳ್ಳುವವರು. ಕಾರಣ ಈಗ ತಿಳಿಯಿತು! ಗುರು ನಗಾಡಿದ. ನೀಲಾ ನಗಲಿಲ್ಲ. ಎದುರಿನಿಂದ ಎದ್ದು ಅವರ ಪಕ್ಕಕ್ಕೆ ಸರಿದು ಕೂತು, ಅವರ ಕೈಯನ್ನು ಕಂಬಿಯಿಂದ ಬಿಡಿಸಿ ತನ್ನ ಕೈಯಲ್ಲಿ ಇಟ್ಟುಕೊಂಡಳು.

"ಕಣ್ಣ ಮುಚ್ಚರಿ ಅಪ್ಪಾ. ಕೆಳಗ ಬಂದ ಮ್ಯಾಲೆ ನಾ ಹೇಳ್ತೀನಿ."

ಈ ಸಲ ಯಾವ ಅಲೆಯೂ ಇರಲಿಲ್ಲ, ಗಾಬರಿಯೂ ಇರಲಿಲ್ಲ. ಅವರು ಮಗುವಿನ ಹಾಗೆ ಕಣ್ಣು ಮುಚ್ಚಿದರು. ಕೆಳಗೆ ಬಂದು ಚಕ್ರ ನಿಂತ ಮೇಲೂ ತೆರೆಯಲಿಲ್ಲ. "ಬಂತ್ರಿ, ಇಳೀರಿ" ಎಂದು ಅವಳೇ ಎಬ್ಬಿಸಿದಳು. ಇಳಿದವರು ನೇರ ಹೋಗಿ ಎಲ್ಲರಿಗೂ ಇನ್ನೊಂದು ಸುತ್ತಿನ ಚೀಟಿ ತಂದರು! ಸಾಯುವಷ್ಟು ಹೆದರುತ್ತ ಮತ್ತೊಮ್ಮೆ ಹತ್ತಿದರು.

ಯಾವ ಪಾರ್ಕು ಚೆಂದವೆಂದು ತಬಸ್ಸುಮ ಕೇಳಿದರೆ ಈಗ ನನಗೆ ಹೇಳಲು ಬರುತ್ತಿಲ್ಲ. ಎರಡಕ್ಕೂ ಹೋಗು, ರೊಟ್ಟಿ ಮಾತ್ರ ತೂಗಾಟದಲ್ಲಿ ತಿನ್ನು ಎಂದಿದ್ದೇನೆ.

ಮುಂದಿನ ಭಾನುವಾರ ನಾವು ನಾಲ್ವರೂ ಜಕ್ಕಲಿಗೆ ಬರುತ್ತೇವೆ. ಏನೂ ಮಾಡಲು ಹೋಗಬೇಡಿ, ಅಡುಗೆ ನಾನೇ ಮಾಡುತ್ತೇನೆ. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸಿ, ನನಗೂ ಅದರಲ್ಲಿ ಪಾಲಿರಲಿ.

ನಿಮ್ಮ
ಶಾಂಭವಿ

ತಾ.ಕ.: ಈ ಕಾಗದ ಎರಡು ಸಲ ನಿಂತದ್ದು ಇಲ್ಲಿಗೇ. ಕೊಳದ ಹತ್ತಿರ ಆ ಕೂಗು ಕೇಳಿದಾಗ ತೋಟಪ್ಪನವರು ಗುರುವಿನ ಕಡೆ ನೋಡಿದರು ಎಂದು ಬರೆದೆನಲ್ಲ. ನಾನು ಯಾರ ಕಡೆ ನೋಡಿದೆ ಎಂಬುದನ್ನು ಬರೆಯಲಿಲ್ಲ. ಅತ್ತೆ, ನಾನು ಅಷ್ಟು ಮಂದಿಯ ನಡುವೆ ನಿಮ್ಮ ಮಗನನ್ನು ಹುಡುಕಿದೆ. ಒಂದು ಗಳಿಗೆ, ಅವರು ಎಲ್ಲೋ ಪಕ್ಕದಲ್ಲೇ ಇದ್ದಾರೆ, ಈಗ ಓಡಿ ಬರುತ್ತಾರೆ ಎಂದೇ ಅನ್ನಿಸಿತು. ಇಷ್ಟು ವರ್ಷ ನೀಲಾ ಆ ಮಾತನ್ನು ಅವರ ಫೋಟೋದ ಮುಂದೆ ಮಾತ್ರ ಆಡಿದವಳು. ಆಮೇಲೆ ತೋಟಪ್ಪನವರು ನೀರಿನಿಂದ ಅವಳನ್ನು ಎತ್ತಿಕೊಂಡು ಬಂದಾಗ ನನಗೆ ಸಂತೋಷವಾಯಿತು, ತುಂಬ ಸಂತೋಷವಾಯಿತು. ಅದೇ ಹೊತ್ತಿಗೆ ಬಸವಪ್ರಸಾದರು ಇನ್ನೊಮ್ಮೆ ಹೋದರು ಅನ್ನಿಸಿತು. ಇದನ್ನು ನಿಮ್ಮೊಬ್ಬರಿಗೆ ಬಿಟ್ಟು ನಾನು ಯಾರಿಗೆ ಹೇಳಲಿ?

ಭಾನುವಾರ ನಿಮ್ಮ ಅಂಗಳದಲ್ಲಿ, ನಿಮ್ಮೆದುರಿಗೇ ಅವಳು ಅವರನ್ನು ಹಾಗೆ ಕರೆಯುತ್ತಾಳೆ. ಈಗ ದಿನಕ್ಕೆ ನೂರು ಸಲ ಕರೆಯುತ್ತಿದ್ದಾಳೆ. ನಿಮಗೆ ಒಮ್ಮೆಲೇ ಕೇಳಿ ಎದೆ ಒಡೆಯಬಾರದೆಂದು ಮೊದಲೇ ಬರೆದಿದ್ದೇನೆ. ಸಹಿಸಿಕೊಳ್ಳಿ ಎನ್ನಲು ನನಗೆ ಅಧಿಕಾರವಿಲ್ಲ. ತಡೆಯಲಾಗದಿದ್ದರೆ ಚಹಾ ಇಡುವ ನೆಪ ಮಾಡಿ ಒಳಗೆ ಹೋಗಿಬಿಡಿ. ನಾನೂ ನಿಮ್ಮ ಹಿಂದೆಯೇ ಬರುತ್ತೇನೆ. ಒಲೆಯ ಮುಂದೆ ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕೂರೋಣ. ಆಮೇಲೆ ಕಣ್ಣೊರೆಸಿಕೊಂಡು ಎಲ್ಲರಿಗೂ ಚಹಾ ತೆಗೆದುಕೊಂಡು ಹೊರಗೆ ಬರೋಣ.