ಕರೆಯುವವರಿಲ್ಲದ ಹೆಸರು

ನವೆಂಬರ್ ೧೧, ಮಂಗಳವಾರ

ಇದನ್ನು ಇಲ್ಲಿಯೂ ಬರೆಯದೆ ಮಲಗಿಬಿಡುವವಳಿದ್ದೆ. ಕೊಬುಸಿಂಗೆಯ ಪ್ರಗತಿಪತ್ರದಲ್ಲಿ ‘ಶಾಂತ ಸ್ವಭಾವದ ಹುಡುಗಿ’ ಎಂದು ಹೊಗಳಿದವಳು ನಾನೇ. ಅಜ್ಜಿ ತೀರಿಕೊಂಡಾಗಿನಿಂದ ಆ ಮಗು ತರಗತಿಯಲ್ಲಿ ಬಾಯಿ ಬಿಟ್ಟಿಲ್ಲ ಎಂಬುದು ನನಗೆ ಹೊಳೆಯಲೇ ಇಲ್ಲ.

ಬೆಳಿಗ್ಗೆ ಮಕ್ಕಳು ಎಂದಿನಂತೆ ಎಂಪಾಕೊ ಹಿಡಿದು ಒಬ್ಬರನ್ನೊಬ್ಬರು ಮಾತಾಡಿಸುತ್ತಿದ್ದರು. ನಮ್ಮ ಟೋರೊ ಸೀಮೆಯಲ್ಲಿ ಆ ಮುದ್ದುಹೆಸರಿಲ್ಲದೆ ಯಾರ ಕುಶಲವನ್ನೂ ಕೇಳುವುದಿಲ್ಲ.

“ಅವಳನ್ನ ಬಿಡ್ರೋ, ಗೋಡೆ ಆದ್ರೂ ಮಾತಾಡೀತು,” ಎಂದ ಕಟುರಾಮು, ಕೊಬುಸಿಂಗೆಯತ್ತ ಕೈ ತೋರಿಸಿ. ಎಲ್ಲರೂ ನಕ್ಕರು.

ಅವಳನ್ನು ಹೊರಗೆ ಕರೆದುಕೊಂಡು ಹೋಗಿ ಕೇಳಿದೆ: “ನಿನ್ನ ಎಂಪಾಕೊ ಏನು ಮರಿ?”

“ಈಗಿಲ್ಲ, ಅಬ್ವೋಲಿ ಟೀಚರ್. ಅಜ್ಜಿ ಒಬ್ಳೇ ಹಂಗೆ ಕರೀತಿದ್ಳು.”

ನನ್ನ ಎಂಪಾಕೊ ಅವಳಿಗೆ ಗೊತ್ತು. ವರ್ಷವಿಡೀ ನಾನು ಅವಳನ್ನು ಕರೆದದ್ದು ಹಾಜರಿ ಸಂಖ್ಯೆಯಿಂದ. ಹದಿನೇಳು.

ಕಂಪಾಲಾದಲ್ಲಿರುವ ಅವಳ ತಂದೆಗೆ ಪತ್ರ ಬರೆದಿದ್ದೇನೆ. ‘ಶಾಂತ’ ಎಂದದ್ದು ನನ್ನ ತಪ್ಪು, ಮಗು ದುಃಖದಲ್ಲಿದೆ, ಒಮ್ಮೆ ಬಂದು ಅವಳನ್ನು ಅಜ್ಜಿ ಕರೆಯುತ್ತಿದ್ದ ಎಂಪಾಕೊದಿಂದ ಕರೆಯಿರಿ, ಅದೇನೆಂದು ನನಗೂ ತಿಳಿಸಿ ಎಂದು. ಆದರೆ ಅಜ್ಜಿಯ ಬಾಯಲ್ಲಿದ್ದ ಹೆಸರು ನನ್ನ ಬಾಯಿಂದ ಬಂದಾಗ ಅವಳು ಇನ್ನಷ್ಟು ಮುದುಡಿಕೊಂಡರೆ? ಗೊತ್ತಿಲ್ಲ. ಇನ್ನೊಮ್ಮೆ ಓದಿದರೆ ಹರಿದುಹಾಕುತ್ತೇನೆ. ಲಕೋಟೆ ಅಂಟಿಸಿದ್ದಾಯಿತು.

ಅಂಚೆಗೆ ಹಾಕುವುದು ನಾಳೆಯೇ, ನವೆಂಬರ್ ೧೨.