ಉಡಿ ತುಂಬ ಗೆಣಸು

ಮಸರಕಲ್
೭ ಜನವರಿ ೨೦೨೫

ಯಲ್ಲಾಲಿಂಗ ಅವರಿಗೆ,

ಹೆಸರು ಹಿಡಿದು ಬರೆದೆನೆಂದು ಸಿಟ್ಟಾಗಬೇಡಿ. ಗಂಡನ ಹೆಸರು ಬಾಯಲ್ಲಿ ಬರಬಾರದು ಎಂಬುದೆಲ್ಲ ಗಂಡನ ಜೊತೆ ಬಾಳುವವರಿಗೆ. ನಾನೂ ಮಗಳು ಭೂಮಿಕಾಳೂ ನಿಮ್ಮ ಮನೆ ಬಿಟ್ಟು ಆರು ವರ್ಷವಾಯಿತು.

ನಾನು ಫೋನ್ ಎತ್ತಲಿಲ್ಲವೆಂದು ಪತ್ರ ಹಾಕಿದ್ದೀರಿ. ನಿಮ್ಮ ಎರಡನೆಯ ಹೆಂಡತಿಯ ಮಗ ಹೊತ್ತು ಮುಳುಗಿದರೆ ಗೋಡೆ ಸವರಿಕೊಂಡು ನಡೆಯುತ್ತಾನೆ, ನನ್ನ ಹೊಲದ ಗೆಣಸು ಬೇಕು ಎಂದಿದ್ದೀರಿ. ಓದಿ ನಕ್ಕೆ. ಸುಳ್ಳೇಕೆ, ನಿಮ್ಮವ್ವನ ಮುಖ ನೆನೆದು ಖುಷಿಯೇ ಆಯಿತು.

ಭೂಮಿಕಾ ಹೀಗೇ ಎಡವುತ್ತಿದ್ದಾಗ ಮಾನ್ವಿಯ ಡಾಕ್ಟರು ಎ ವಿಟಮಿನ್ ಕಡಿಮೆಯಿದೆ, ಸೊಪ್ಪು, ಪಪ್ಪಾಯಿ ತಿನ್ನಿಸಿ ಎಂದರು. ಹಿತ್ತಲಲ್ಲಿ ಪಪ್ಪಾಯಿ ಹಚ್ಚಿದೆ. ಕಾಯಿ ಹಳದಿಗೆ ತಿರುಗುವ ಹೊತ್ತಿಗೆ ನಿಮ್ಮವ್ವ ಪಾರ್ವತೆಮ್ಮ ಗಿಡವನ್ನೇ ಕಡಿಸಿದರು. "ಪಪ್ಪಾಯಿ ಇದ್ದ ಮನ್ಯಾಗ ಬಸರು ನಿಲ್ಲಂಗಿಲ್ಲ. ಮೊದ್ಲು ಗಂಡು ಹಡಿ, ಈ ಕುರುಡಿ ಚಿಂತಿ ಆಮ್ಯಾಗ ಮಾಡೀಯಂತ" ಎಂದರು. ಗಂಡನ್ನು ಬೇರೆಯವಳು ಹೆತ್ತಳು. ಅವನಿಗೂ ಅದೇ ಇರುಳುಗಣ್ಣು ಬಂತು. ಈಗ ಯಾವ ಗಿಡ ಕಡಿಸುತ್ತಾರಂತೆ?

ಅಪ್ಪನ ಒಂದೆಕರೆಯಲ್ಲಿ ಬೆಳೆದಿರುವ ಈ ಗೆಣಸು ಕೊಯ್ದರೆ ಒಳಗೆಲ್ಲ ಗಜ್ಜರಿಯಂಥ ಕೇಸರಿ ಬಣ್ಣ, ಡಾಕ್ಟರು ಹೇಳಿದ ಅದೇ ಎ ವಿಟಮಿನ್. ಸುತ್ತಲ ಅಂಗನವಾಡಿಗಳಿಗೆ ಅದೇ ಹೋಗುತ್ತದೆ. ಅದನ್ನೂ ಸೊಪ್ಪನ್ನೂ ತಿಂದೇ ಬೆಳೆದ ಭೂಮಿಕಾ ಈಗ ಮಬ್ಬುಗತ್ತಲಲ್ಲೂ ಕುಂಟಾಟ ಆಡುತ್ತಾಳೆ.

ಗೆಣಸು ಕೊಡುತ್ತೇನೆ, ಆದರೆ ನಿಮ್ಮ ಕೈಗಲ್ಲ. ಸಂಕ್ರಾಂತಿಯ ಮರುದಿನ ಹೊಲ ಅಗೆಯುತ್ತೇವೆ, ಊರಿನ ತಾಯಂದಿರೆಲ್ಲ ಇರುತ್ತಾರೆ. ನಿಮ್ಮವ್ವ ದೇವದುರ್ಗದ ಬಸ್ಸು ಹತ್ತಿ ಬರಲಿ. ಎಲ್ಲರೆದುರು ನನ್ನ ಮಗಳ ಮುಂದೆ ಉಡಿ ಒಡ್ಡಲಿ. ಕುರುಡಿ ಎಂದ ಬಾಯಿಂದಲೇ "ಯವ್ವಾ, ನೀಡು" ಅನ್ನಲಿ. ಭೂಮಿಕಾ ಉಡಿ ತುಂಬುತ್ತಾಳೆ. ಆಗ ಅವರ ಕಣ್ಣಲ್ಲಿ ನೀರು ಬಂದರೆ ನಾನು ಒರೆಸುವವಳಲ್ಲ, ನಿಂತು ನೋಡುವವಳು. ಇದರಲ್ಲಿ ಚೌಕಾಸಿ ಇಲ್ಲ.

ಇಲ್ಲಿಯವರೆಗಿನದನ್ನು ಒಂದಕ್ಷರ ಬಿಡದೆ ಅವರಿಗೆ ಓದಿ ಹೇಳಿ.

ಭೂಮಿಕಾಳ ತಾಯಿ,
ಉಮಾದೇವಿ

ತಾ.ಕ.: ಇದು ನಿಮಗೊಬ್ಬರಿಗೆ. ನಿಮ್ಮ ಓಣಿಯ ಅಂಗನವಾಡಿ ಟೀಚರ್ ಮಹಬೂಬೀ ನಿನ್ನೆ ಹುಡುಗನನ್ನೂ ಅವನ ತಾಯಿಯನ್ನೂ ಆಸ್ಪತ್ರೆಗೆ ಕರೆದೊಯ್ದು ವಿಟಮಿನ್ ಹನಿ ಹಾಕಿಸಿದ್ದಾರೆ. ನಾನು ಕಳಿಸಿದ ಒಂದು ಚೀಲ ಗೆಣಸೂ ಅವರ ಬಳಿ ಇದೆ, ದಿನಾ ಬೇಯಿಸಿ ಕೊಡುತ್ತಾರೆ. ನನ್ನ ಸಿಟ್ಟು ತೀರುವವರೆಗೆ ಕೂಸಿನ ಕಣ್ಣು ಕಾಯುವುದಿಲ್ಲ. ಆದರೆ ನಿಮ್ಮವ್ವ ಬಂದು ಹೋಗುವ ತನಕ ಈ ಮಾತು ಅವರ ಕಿವಿಗೆ ಬೀಳಬಾರದು. ಅವರ ಮುಂದೆ ಬಾಯಿ ಮುಚ್ಚಿಕೊಂಡಿರುವುದು ನಿಮಗೇನು ಹೊಸದೇ?